ನರ್ಸಿಂಗ್ ಸೀಟು ಹುಡುಕುವವರೇ, ಕಾಲೇಜಿಗಿಂತ ಮೊದಲು ಆಸ್ಪತ್ರೆ ನೋಡಿ

ಪಿಯುಸಿ ಫಲಿತಾಂಶ ಬಂದ ಬೆನ್ನಲ್ಲೇ ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆಯ ಮನೆಗಳಿಗೆ ಫೋನ್ ಕರೆಗಳು ಶುರುವಾಗುತ್ತವೆ. ‘ನರ್ಸಿಂಗ್ ಸೀಟು ಇದೆ, ಇವತ್ತೇ ಮುಂಗಡ ಕಟ್ಟಿ’ ಎನ್ನುವ ದಲ್ಲಾಳಿಗೆ ನಿಮ್ಮ ಮಗಳ ಅಂಕವೂ ಬೇಕಿಲ್ಲ, ಆಸಕ್ತಿಯೂ ಬೇಕಿಲ್ಲ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡದೆ ಕೆಳಗಿನ ಕೆಲಸಗಳನ್ನು ಒಂದೊಂದಾಗಿ ಮಾಡಿ.

ಕೋರ್ಸ್ ಯಾವುದು?

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಓದಿ ಶೇ 45 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಇಂಗ್ಲಿಷ್‌ನಲ್ಲಿ ತೇರ್ಗಡೆಯಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ. ವಿಜ್ಞಾನ ಓದದಿದ್ದರೆ ನರ್ಸಿಂಗ್ ಬಾಗಿಲು ಮುಚ್ಚಿದಂತೆ ಎಂದು ಅನೇಕ ಪಾಲಕರು ನಂಬಿದ್ದಾರೆ, ಅದು ನಿಜವಲ್ಲ. ಕಲಾ, ವಾಣಿಜ್ಯ ವಿಭಾಗದವರೂ ಶೇ 40 ಅಂಕವಿದ್ದರೆ ಜಿ.ಎನ್.ಎಂ.ಗೆ ಅರ್ಹರು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿಯನ್ನೂ ಪಡೆಯಬಹುದು. ಎ.ಎನ್.ಎಂ. (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಉಳಿದೆರಡಕ್ಕೆ ಗಂಡುಮಕ್ಕಳೂ ಸೇರಬಹುದು.

ಆಸ್ಪತ್ರೆಗೆ ಹೋಗಿ ಬನ್ನಿ

ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರುವುದು ಇಲ್ಲಿಯೇ. ಹೊಳೆಯುವ ಕಟ್ಟಡ, ಬಣ್ಣದ ಕೈಪಿಡಿ, ಬೊಂಬೆಗಳಿರುವ ಪ್ರಯೋಗಾಲಯ ಎಲ್ಲ ಕಾಲೇಜುಗಳಲ್ಲೂ ಸಿಗುತ್ತವೆ. ರಕ್ತನಾಳ ಹುಡುಕುವುದು, ಗಾಯದ ಡ್ರೆಸ್ಸಿಂಗ್ ಬದಲಿಸುವುದು, ಹೆರಿಗೆ ನೋವಿನಲ್ಲಿರುವ ತಾಯಿಗೆ ಧೈರ್ಯ ಹೇಳುವುದು ಮಾತ್ರ ರೋಗಿಯ ಪಕ್ಕದಲ್ಲಿ ನಿಂತೇ ಬರಬೇಕು. ಅದಕ್ಕಾಗಿಯೇ ಭಾರತೀಯ ನರ್ಸಿಂಗ್ ಪರಿಷತ್ತು ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬ ಅಳತೆ ಇಟ್ಟಿದೆ.

ಹೀಗಾಗಿ ಕಾಲೇಜಿನ ಕಚೇರಿಯಲ್ಲಿ ಮೊದಲು ಕೇಳಬೇಕಾದದ್ದು: ‘ನಿಮ್ಮ ಸ್ವಂತ ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ?’ ಉತ್ತರ ಕೇಳಿ ಹಿಂದಿರುಗಬೇಡಿ, ಆ ಆಸ್ಪತ್ರೆಗೇ ಹೋಗಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೂ ವಾರ್ಡುಗಳು ಖಾಲಿ ಇದ್ದರೆ ಅಲ್ಲಿ ಕಲಿಯಲು ಏನೂ ಇಲ್ಲ. ಹೆರಿಗೆ, ಮಕ್ಕಳ, ಶಸ್ತ್ರಚಿಕಿತ್ಸೆಯ ವಾರ್ಡುಗಳಿವೆಯೇ ವಿಚಾರಿಸಿ. ಸಮವಸ್ತ್ರದಲ್ಲಿರುವ ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಹೊರಗೆ ಮಾತನಾಡಿಸಿ: ಡ್ಯೂಟಿಯಲ್ಲಿ ಬೋಧಕರು ಜೊತೆಗಿರುತ್ತಾರೆಯೇ, ಕೈಯಾರೆ ಕೆಲಸ ಮಾಡಲು ಬಿಡುತ್ತಾರೆಯೇ, ಹೇಳಿದ ಶುಲ್ಕಕ್ಕಿಂತ ಹೆಚ್ಚು ಕೇಳಿದ್ದಾರೆಯೇ? ಪ್ರಾಂಶುಪಾಲರ ಕೊಠಡಿಯಲ್ಲಿ ಸಿಗದ ಉತ್ತರ ಕ್ಯಾಂಟೀನಿನ ಬಳಿ ಸಿಗುತ್ತದೆ.

ಈ ದೃಷ್ಟಿಯಿಂದ ನಮ್ಮ ಭಾಗದ ಮಕ್ಕಳು ಭಾಗ್ಯವಂತರು. ಮೈಸೂರಿನ ಕೆ.ಆರ್. ಆಸ್ಪತ್ರೆ, ತಾಯಿ–ಮಕ್ಕಳ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನ ಆಸ್ಪತ್ರೆ ಮೂರೂ ಕಡೆ ರೋಗಿಗಳಿಗೆ ಕೊರತೆಯಿಲ್ಲ. ಅಂಕ ಚೆನ್ನಾಗಿದ್ದರೆ ಸರ್ಕಾರಿ ಕಾಲೇಜನ್ನೇ ಮೊದಲ ಆಯ್ಕೆಯಾಗಿ ಬರೆಯಿರಿ. ಖಾಸಗಿಯವರು ‘ನಾವೂ ನಮ್ಮ ವಿದ್ಯಾರ್ಥಿಗಳನ್ನು ತರಬೇತಿಗೆ ಆ ಆಸ್ಪತ್ರೆಗಳಿಗೇ ಕಳಿಸುತ್ತೇವೆ’ ಎಂದರೆ ಒಪ್ಪಂದದ ಪತ್ರ ತೋರಿಸಲು ಹೇಳಿ.

‘ತರಗತಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕಾಲೇಜಿನ ಮೆಟ್ಟಿಲು ಹತ್ತಬೇಡಿ. ಪದವಿ ಕೈಗೆ ಬರಲು ಪ್ರಾಯೋಗಿಕ ತರಬೇತಿಯಲ್ಲಿ ಪೂರ್ಣ ಹಾಜರಾತಿ ಇರಬೇಕೆಂಬುದು ನಿಯಮ. ಅದನ್ನು ಮೀರಿ ಪದವಿ ಪಡೆದವರ ಕೈಗೆ ನಾಳೆ ಯಾರದೋ ತಾಯಿ, ಯಾರದೋ ಮಗು ಸಿಗುತ್ತಾರೆ.

ಮಾನ್ಯತೆ

ಬಿ.ಎಸ್ಸಿ.ಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ಸಾಲಿಗೂ ಇದೆಯೇ, ಎಷ್ಟು ಸೀಟಿಗೆ ಇದೆ ಎಂಬುದನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೋಡಿ. ಬೇರೆ ವಿಶ್ವವಿದ್ಯಾಲಯದ ಕಾಲೇಜಾದರೆ ಅದರ ಪ್ರವೇಶ ನಿಯಮವನ್ನು ಅಲ್ಲಿಯೇ ಕೇಳಿ. ಜಿ.ಎನ್.ಎಂ.ಗೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಇದೆ. ಯಾವ ಕೋರ್ಸ್ ಆದರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಬೇಕೇಬೇಕು. ಓದು ಮುಗಿದ ಮೇಲೆ ಅಲ್ಲಿ ನೋಂದಣಿಯಾಗದೆ ಕೆಲಸ ಸಿಗದು. ಹೊರರಾಜ್ಯಕ್ಕೋ ವಿದೇಶಕ್ಕೋ ಹೋಗುವ ಆಸೆಯಿದ್ದರೆ ಭಾರತೀಯ ಪರಿಷತ್ತಿನ ಪಟ್ಟಿಯಲ್ಲೂ ಕಾಲೇಜಿನ ಹೆಸರು ಇರಲಿ.

ಅರ್ಜಿ ಮತ್ತು ದಾಖಲೆ

ಬಿ.ಎಸ್ಸಿ.ಯ ಸರ್ಕಾರಿ ಸೀಟುಗಳೂ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಆಪ್ಷನ್ ಎಂಟ್ರಿಯಲ್ಲಿ ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಕಾಲೇಜುಗಳನ್ನು ಬರೆಯಿರಿ. ನಿಜವಾದ ಹಂಚಿಕೆಗೂ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ತಿದ್ದಿಕೊಳ್ಳಲು ಅವಕಾಶವಿದೆ.

ಅಂಕಪಟ್ಟಿ, ಆಧಾರ್ ಜೊತೆಗೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಪ್ರಮಾಣಪತ್ರಗಳನ್ನು ಮರೆಯಬೇಡಿ. ಮೀಸಲಾತಿ ಅವುಗಳ ಮೇಲೆಯೇ ನಿಂತಿದೆ. ಜಾತಿ–ಆದಾಯ ಪತ್ರವನ್ನು ಪರೀಕ್ಷೆಗೂ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿ, ಅದರ ಆರ್‌.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ನಮೂದಿಸಿ. ವಿದ್ಯಾರ್ಥಿವೇತನದ ಅರ್ಜಿಗೂ ಅದೇ ಸಂಖ್ಯೆ ಬೇಕು.

ಹಣ ಕಟ್ಟುವಾಗ

ಬೋಧನೆ, ಹಾಸ್ಟೆಲ್, ಸಮವಸ್ತ್ರ, ಪರೀಕ್ಷೆ, ಆಸ್ಪತ್ರೆಗೆ ಹೋಗಿಬರುವ ಬಸ್ಸು, ಹೀಗೆ ಎಲ್ಲ ವರ್ಷಗಳ ಶುಲ್ಕವನ್ನು ಬರಹದಲ್ಲಿ ಪಡೆಯಿರಿ. ಪ್ರತಿ ಪಾವತಿಗೂ ಕಾಲೇಜಿನ ಹೆಸರಿನ ರಸೀದಿ ಇರಲಿ. ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ ವಾಪಸು ಪಡೆಯಿರಿ. ಮಧ್ಯದಲ್ಲಿ ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂಬ ಮುಚ್ಚಳಿಕೆಗೆ ಸಹಿ ಹಾಕುವ ಮೊದಲು ಯಾರಾದರೂ ವಕೀಲರಿಗೆ ತೋರಿಸಿ. ಶಕ್ತಿ ಯೋಜನೆಯ ಬಸ್ಸಿದೆ, ಮಗಳು ಮಂಡ್ಯದಿಂದ ಮೈಸೂರಿಗೆ ದಿನವೂ ಹೋಗಿಬರಲಿ ಎನ್ನುವವರು ರಾತ್ರಿ ಪಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಸ್ಟೆಲ್ ಆಸ್ಪತ್ರೆಗೆ ಹತ್ತಿರವಿರುವುದು ಒಳ್ಳೆಯದು.

ಸೇರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಬಂದಿದೆಯೇ ಎಂದು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಕೇಳಿ, ಸಂಖ್ಯೆಯನ್ನು ಬರೆದುಕೊಳ್ಳಿ. ಅದಿಲ್ಲದೆ ಪರೀಕ್ಷೆ ಬರೆಯಲಾಗದು.