ಲಿನಕ್ಸ್ ಕೈಕೊಟ್ಟಾಗ ಬುತ್ತಿ ತಂದವರೇ ಗತಿ

ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡೆಬಿಯನ್ 9 ಎಂಬ ಲಿನಕ್ಸ್ ಹಾಕಿದ ಸರ್ವರ್ ಇತ್ತು. ಹಳೇ ಫೈಲ್‌ಗಳನ್ನು ತೆಗೆಯುತ್ತಿದ್ದಾಗ ನನ್ನ ಕೈಯಿಂದ ‘ಲಿಬ್‌ಸಿ ಡಾಟ್ ಎಸ್‌ಓ ಡಾಟ್ 6’ ಎಂಬ ಲಿಂಕ್, ಅಂದರೆ ಅಸಲಿ ಫೈಲಿಗೆ ದಾರಿ ತೋರುವ ಹೆಸರು, ಅಳಿಸಿಹೋಯಿತು. ಅಷ್ಟೇ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಓಡಲಿಲ್ಲ, ಕಾಪಿ ಮಾಡುವ ಸಿಪಿ ಓಡಲಿಲ್ಲ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಕೂಡ ಓಡಲಿಲ್ಲ. ಏನು ಟೈಪ್ ಮಾಡಿದರೂ ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ ಎಂಬ ಅದೇ ಸಾಲು.

ಲಿನಕ್ಸ್‌ನ ಬಹುಪಾಲು ಕಮಾಂಡ್‌ಗಳು ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತವೆ. ಆ ಅಡುಗೆಮನೆಯೇ ಲಿಬ್‌ಸಿ ಎಂಬ ಶೇರ್ಡ್ ಲೈಬ್ರರಿ. ಅದಕ್ಕೆ ಬೀಗ ಬಿದ್ದರೆ ಎಲ್ಲರೂ ಉಪವಾಸ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ, ಅಂದರೆ ಬೇಕಾದ ಲೈಬ್ರರಿಯನ್ನು ಒಳಗೇ ಸೇರಿಸಿಕೊಂಡ ಪ್ರೋಗ್ರಾಂ ಹಾಗಲ್ಲ, ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ.

ಮೊದಲ ಕೆಲಸವನ್ನು ಇವತ್ತೇ ಮಾಡಿ. ಡೆಬಿಯನ್, ಉಬುಂಟುಗಳಲ್ಲಿ ‘ಬ್ಯುಸಿಬಾಕ್ಸ್-ಸ್ಟ್ಯಾಟಿಕ್’ ಪ್ಯಾಕೇಜ್ ಹಾಕಿಕೊಳ್ಳಿ. ಸುಮಾರು 2 ಎಂಬಿಯ ಒಂದೇ ಫೈಲ್, ಒಳಗೆ 200ಕ್ಕೂ ಜಾಸ್ತಿ ಕಮಾಂಡ್‌ಗಳು. 1995ರಲ್ಲಿ ಬ್ರೂಸ್ ಪೆರೆನ್ಸ್ ಇದನ್ನು ಬರೆಯಲು ಹೊರಟಿದ್ದೇ ಡೆಬಿಯನ್‌ನ ರೆಸ್ಕ್ಯೂ ಸಾಮಾನು ಒಂದೇ ಫ್ಲಾಪಿಯಲ್ಲಿ ಹಿಡಿಯಲಿ ಎಂದು. ಹಾಕಿದ ಮೇಲೆ, ಪ್ರೋಗ್ರಾಂ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ ಎಂದು ತೋರಿಸುವ ಎಲ್‌ಡಿಡಿ ಕಮಾಂಡ್‌ನಿಂದ ಪರೀಕ್ಷಿಸಿ. ಇದು ಡೈನಾಮಿಕ್ ಅಲ್ಲ ಎಂಬ ಉತ್ತರ ಬರಬೇಕು. ಸುಮ್ನೆ ‘ಬ್ಯುಸಿಬಾಕ್ಸ್’ ಎಂಬ ಪ್ಯಾಕೇಜ್ ಹಾಕಿದರೆ ಆಗದು, ಅದೂ ಲಿಬ್‌ಸಿಯನ್ನೇ ನೆಚ್ಚಿಕೊಂಡಿದೆ. ಲಿನಕ್ಸ್‌ನಂಥದೇ ಇನ್ನೊಂದು ಸಿಸ್ಟಂ ಆದ ಫ್ರೀಬಿಎಸ್‌ಡಿ ಬಳಸುವವರಿಗೆ ಈ ತಲೆನೋವಿಲ್ಲ, ಅಲ್ಲಿ ಸ್ಟ್ಯಾಟಿಕ್ ಕಮಾಂಡ್‌ಗಳ ‘ರೆಸ್ಕ್ಯೂ’ ಫೋಲ್ಡರ್ ಮೊದಲಿಂದಲೇ ಇರುತ್ತದೆ.

ಇನ್ನು ಸಿಸ್ಟಂ ಕೆಟ್ಟೇಬಿಟ್ಟಿತು ಅಂದುಕೊಳ್ಳಿ. ರೂಟ್ (ಪೂರ್ತಿ ಅಧಿಕಾರವಿರುವ ಅಡ್ಮಿನ್) ಆಗಿ ತೆರೆದ ಟರ್ಮಿನಲ್ ವಿಂಡೋವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ! ಮುಚ್ಚಿದರೆ ಮತ್ತೆ ಲಾಗಿನ್ ಆಗಲು ಬರುವುದಿಲ್ಲ. ರೀಬೂಟ್ ಮಾಡುವ ಆಸೆಯನ್ನೂ ಬಿಡಿ. ಆ ವಿಂಡೋದಲ್ಲಿ ಆಗಲೇ ಓಡುತ್ತಿರುವ ಬ್ಯಾಶ್‌ಗೆ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಶೆಲ್) ಲಿಬ್‌ಸಿ ಮೆಮೊರಿಯಲ್ಲೇ ಇರುತ್ತದೆ, ಹಾಗಾಗಿ ಅದರ ಒಳಗಿನ ಸಿಡಿ, ಎಕೋ ಕೆಲಸ ಮಾಡುತ್ತವೆ. ಎಕೋ ಬರೆದು ಜಾಗ ಬಿಟ್ಟು ನಕ್ಷತ್ರದ ಗುರುತು ಹಾಕಿ. ಫೋಲ್ಡರಿನಲ್ಲಿರುವ ಫೈಲ್‌ಗಳ ಹೆಸರು ಸಾಲಾಗಿ ಬರುತ್ತವೆ.

ಆ ದಿನ ಹಾಗೇ ಹುಡುಕಿದಾಗ ‘ಲಿಬ್‌ಸಿ-2.24’ ಎಂಬ ಅಸಲಿ ಫೈಲ್ ಕಣ್ಣಿಗೆ ಬಿತ್ತು. ಲಿಂಕ್ ಮಾಡುವ ‘ಬ್ಯುಸಿಬಾಕ್ಸ್ ಎಲ್‌ಎನ್’ ಬಳಸಿ ಲಿಂಕ್ ಮತ್ತೆ ಕೊಟ್ಟೆ. ಎಲ್‌ಎಸ್ ಉಸಿರಾಡಿತು.

ಅಸಲಿ ಫೈಲೇ ಹೋಗಿದ್ದರೆ ಅದೇ ಆವೃತ್ತಿಯ ಇನ್ನೊಂದು ಮೆಷೀನ್‌ನಿಂದ ಪೆನ್‌ಡ್ರೈವ್‌ಗೆ ತನ್ನಿ. ಎಸ್.ಪಿ. ರೋಡ್‌ನ ಸಣ್ಣ ಪೆನ್‌ಡ್ರೈವ್ ಸಾಕು. ಲಿಬ್‌ಸಿ ಮತ್ತು ಅದರ ಲೋಡರ್ (ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವ ಫೈಲ್) ಒಂದೇ ಆವೃತ್ತಿಯವಾಗಿರಬೇಕು, ಇಲ್ಲಿ ಬೆರಕೆ ನಡೆಯದು. ಬ್ಯುಸಿಬಾಕ್ಸ್‌ನ ಮೌಂಟ್‌ನಿಂದ ಪೆನ್‌ಡ್ರೈವ್ ಸೇರಿಸಿ, ಫೈಲನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಆಮೇಲೆ ಹೆಸರು ಬದಲಿಸುವ ಎಂವಿಯಿಂದ ಸರಿಯಾದ ಹೆಸರು ಕೊಡಿ. ಬಳಕೆಯಲ್ಲಿರುವ ಲೈಬ್ರರಿಯ ಮೇಲೆ ನೇರ ಕಾಪಿ ಮಾಡಿದರೆ ಓಡುತ್ತಿರುವ ಪ್ರೋಗ್ರಾಂಗಳು ಬಿದ್ದುಹೋಗುತ್ತವೆ.

ವಿಂಡೋ ಮುಚ್ಚಿಯೇ ಹೋಗಿದ್ದರೆ? ‘ಸ್ಯಾಶ್’ ಎಂಬ ಸ್ಟ್ಯಾಟಿಕ್ ಶೆಲ್ ಮೊದಲೇ ಹಾಕಿದ್ದರೆ ದಾರಿಯಿದೆ. ಮೆಷೀನ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ ‘ಆರ್‌ಓ’ (ಓದಲು ಮಾತ್ರ) ಇದ್ದಲ್ಲಿ ‘ಆರ್‌ಡಬ್ಲ್ಯೂ’ (ಓದಲು, ಬರೆಯಲು) ಮಾಡಿ, ಕೊನೆಗೆ ‘ಇನಿಟ್’ಗೆ (ಮೊದಲು ಓಡಬೇಕಾದ ಪ್ರೋಗ್ರಾಂ) ಸ್ಯಾಶ್‌ನ ಪೂರ್ತಿ ಪಾತ್ ಕೊಡಿ. ಸ್ಯಾಶ್‌ನ ಒಳಗಿನ ಎಲ್‌ಎಸ್, ಸಿಪಿ ತರಹದ ಕಮಾಂಡ್‌ಗಳ ಹೆಸರಿನ ಮುಂದೆ ಒಂದು ಅಡ್ಡಗೆರೆ (-) ಹಾಕಬೇಕು, ಮರೆಯಬೇಡಿ.

ಈ ವಾರದ ರಜೆಯಲ್ಲಿ ಒಂದು ವರ್ಚುವಲ್ ಮೆಷೀನ್ ತೆರೆದು, ಸ್ನ್ಯಾಪ್‌ಶಾಟ್ ತೆಗೆದುಕೊಂಡು, ಲಿಬ್‌ಸಿಯ ಹೆಸರನ್ನು ಬೇಕೆಂದೇ ಬದಲಿಸಿ ನೋಡಿ. ರೂಟ್ ವಿಂಡೋ ಮಾತ್ರ ಎರಡು ತೆರೆದಿಟ್ಟುಕೊಳ್ಳಿ.