ಮಗುವನ್ನು ಕ್ರೀಡಾ ಶಿಬಿರಕ್ಕೆ ಸೇರಿಸುವ ಮುನ್ನ

ಬೇಸಿಗೆ ರಜೆ ಬಂತೆಂದರೆ ತುಮಕೂರಿನ ಪೋಷಕರು ಮಕ್ಕಳನ್ನು ಕ್ರಿಕೆಟ್, ಕೊಕ್ಕೊ, ಅಥ್ಲೆಟಿಕ್ಸ್ ತರಬೇತಿಗೆ ಸೇರಿಸಲು ಮುಂದಾಗುತ್ತಾರೆ. ಶುಲ್ಕ, ಸಮಯಗಳನ್ನು ವಿಚಾರಿಸಿದಷ್ಟು ಕಾಳಜಿಯಿಂದ ಮಗುವಿನ ದೇಹ ಅದಕ್ಕೆ ಸಿದ್ಧವಿದೆಯೇ ಎಂಬುದನ್ನು ನೋಡುವವರು ಕಡಿಮೆ.

ಮೊದಲು ವಯಸ್ಸು. ಆರು ವರ್ಷ ತುಂಬುವವರೆಗೆ ಎಸೆದ ಚೆಂಡಿನ ವೇಗವನ್ನು ಕಣ್ಣಳತೆಯಲ್ಲಿ ಹಿಡಿಯುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ಆ ಮಕ್ಕಳಿಗೆ ಮುಟ್ಟಾಟ, ಕುಂಟೆಬಿಲ್ಲೆಯೇ ಸಾಕು.

ಎರಡನೆಯದು ವೈದ್ಯರ ತಪಾಸಣೆ. ಉಬ್ಬಸ, ಆಡುವಾಗ ತಲೆಸುತ್ತು ಅಥವಾ ಎದೆನೋವು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಮರೆಮಾಚದೆ ತಿಳಿಸಿ.

ಮೂರನೆಯದು ಶೂ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆಯದನ್ನು ಕೊಳ್ಳಬೇಡಿ.

ಬಹುತೇಕರು ಎಡವುವುದು ನಾಲ್ಕನೆಯ ಹಂತದಲ್ಲಿ, ಅಂದರೆ ನೋವನ್ನು ಗುರುತಿಸುವುದರಲ್ಲಿ. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿರುವ ಮೆದುವಾದ ಬೆಳವಣಿಗೆಯ ಪದರ ಗಟ್ಟಿ ಮೂಳೆಗಿಂತ ದುರ್ಬಲವಾಗಿರುತ್ತದೆ; ಎತ್ತರ ಒಮ್ಮೆಲೇ ಹೆಚ್ಚುವ ವರ್ಷಗಳಲ್ಲಿ ಸ್ನಾಯುಗಳ ಎಳೆತವೆಲ್ಲ ಅಲ್ಲಿಗೇ ಬೀಳುವುದರಿಂದ ಮಂಡಿ ಮತ್ತು ಹಿಮ್ಮಡಿಗಳಲ್ಲಿ ನೋವು ಶುರುವಾಗುತ್ತದೆ. ಸಂಜೆ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಮಂಡಿಚಿಪ್ಪಿಗಿಂತ ಎರಡು ಬೆರಳು ಕೆಳಗಿರುವ ಮೂಳೆಯ ಉಬ್ಬನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಅನಂತರ ಹಿಮ್ಮಡಿಯನ್ನು ಎರಡೂ ಬದಿಗಳಿಂದ ಹಿಡಿದು ಅದುಮಿ. ಮಗು ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರೆ, ಅಥವಾ ಬೆಳಿಗ್ಗೆ ಎದ್ದೊಡನೆ ಕುಂಟಿದರೆ, ಓಟ ಮತ್ತು ಜಿಗಿತವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಸ್ಪ್ರೇ ಹೊಡೆದು ಮತ್ತೆ ಮೈದಾನಕ್ಕೆ ಇಳಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ: ಅದು ನೋವನ್ನು ಮರೆಸುತ್ತದೆಯೇ ಹೊರತು ಪೆಟ್ಟನ್ನು ಮಾಯಿಸುವುದಿಲ್ಲ. ಆ ಡಬ್ಬಿ ಮಕ್ಕಳ ಬ್ಯಾಗಿನಲ್ಲಿ ಇರಲೇಬಾರದು. ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರದಿರಲಿ. ಒಂಬತ್ತು ವರ್ಷದವರಿಗೆ ವಾರಕ್ಕೆ ಒಂಬತ್ತು ಗಂಟೆಯೇ ಮಿತಿ, ಅದರಲ್ಲೂ ಕನಿಷ್ಠ ಒಂದು ದಿನ ಪೂರ್ತಿ ಬಿಡುವು ಬೇಕು.

ಐದನೆಯದು ಬಿಸಿಲು. ಏಪ್ರಿಲ್‌ನಲ್ಲಿ ಅಭ್ಯಾಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ನೀರು, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಕೆಫೀನ್ ಇರುವ ಎನರ್ಜಿ ಡ್ರಿಂಕ್‌ಗಳು ಮಕ್ಕಳಿಗೆ ಬೇಡವೇ ಬೇಡ.

ಕೊನೆಯದಾಗಿ, ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ತಲೆನೋವು ಅಥವಾ ತಲೆಸುತ್ತು ಎಂದರೆ, ಅನಂತರ "ಈಗ ಸರಿಯಾಗಿದ್ದೇನೆ" ಎಂದರೂ ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ಮಂಪರು, ತಡವರಿಸುವ ಮಾತು, ಹೆಚ್ಚುತ್ತಲೇ ಹೋಗುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅನಂತರ ವೈದ್ಯರು ಒಪ್ಪಿದ ಮೇಲಷ್ಟೇ, ನಡಿಗೆಯಿಂದ ಆರಂಭಿಸಿ ಹಂತಹಂತವಾಗಿ, ಮಗು ಮೈದಾನಕ್ಕೆ ಮರಳಬೇಕು.