ಹೈದರನ ಯುದ್ಧವನ್ನ ಸಮುದ್ರದ ಕಡೆಯಿಂದ ಓದಿದ್ದು: ನೌಕಾ ಇತಿಹಾಸದ ಕೆಲಸದಲ್ಲಿ ನನ್ನ ಅನುಭವ

ನಾನು ಕೆಲಸ ಮಾಡೋದು ಎರಡನೇ ಮೈಸೂರು ಯುದ್ಧದ ಮೇಲೆ, 1780ರಿಂದ 1784, ಅದರಲ್ಲೂ ಸಮುದ್ರದಲ್ಲಿ ಏನಾಯ್ತು ಅನ್ನೋದರ ಮೇಲೆ. ಯಾರಿಗೆ ಹೇಳಿದ್ರೂ ಮೊದಲು ಕೇಳೋದು, ಮೈಸೂರಿಗೂ ಸಮುದ್ರಕ್ಕೂ ಏನ್ರೀ ಸಂಬಂಧ ಅಂತ. ನಮ್ಮ ಪಾಠದಲ್ಲಿ ಹೈದರ್ ಅಂದ್ರೆ ಕುದುರೆ ದಂಡು, ಕೋಟೆ, ಪೊಳ್ಳಿಲೂರು ಗೆಲುವು, ಆಮೇಲೆ ಪೋರ್ಟೋನೋವೊ ಸೋಲು, ಅಷ್ಟೇ. ಆದ್ರೆ ಆ ಯುದ್ಧದ ದಾರಿ ಬದಲಾಗಿದ್ದು ಎಷ್ಟೋ ಸಲ ದಂಡೆಯಿಂದ ಆಚೆ ನಿಂತಿದ್ದ, ಇಲ್ಲಾ ನಿಲ್ಲದೇ ಹೋದ ಹಡಗುಗಳಿಂದ. ಈ ಫೀಲ್ಡಿಗೆ ಬರಬೇಕು ಅನ್ನೋ ಹುಡುಗ ಹುಡುಗಿಯರು ಹೇಗೆ ಶುರು ಮಾಡ್ಲಿ ಅಂತ ಕೇಳ್ತಾ ಇರ್ತಾರೆ, ಅದಕ್ಕೆ ನಾನು ಹೇಗೆ ಮಾಡ್ದೆ ಅಂತ ಬರೀತಿದೀನಿ.

ನನ್ನನ್ನ ಈ ಕಡೆ ಎಳೆದಿದ್ದು 1781ರ ಫೆಬ್ರವರಿ. ಇಂಗ್ಲಿಷರ ಜನರಲ್ ಐರ್ ಕೂಟ್ ಸೈನ್ಯ ಕಟ್ಕೊಂಡು ಕಡಲೂರಲ್ಲಿ ಸಿಕ್ಕಿಬಿದ್ದಿದ್ದ, ಸುತ್ತಲ ನೆಲ ಪೂರ್ತಿ ಹೈದರನ ಕೈಲಿ, ಊಟಕ್ಕೆ ಅಕ್ಕಿ ಬರಬೇಕು ಅಂದ್ರೆ ಮದ್ರಾಸಿಂದ ಸಮುದ್ರದ ಮೇಲೇ ಬರಬೇಕು. ಅದೇ ಹೊತ್ತಿಗೆ ಹೈದರನ ಮಿತ್ರರಾಗಿದ್ದ ಫ್ರೆಂಚರ ಕಮಾಂಡರ್ ಡಿ ಓರ್ವ್ ಯುದ್ಧದ ಹಡಗು ತಗೊಂಡು ಆ ಕರಾವಳಿಗೆ ಬಂದ, ಎದುರಿಗೆ ಇಂಗ್ಲಿಷರ ಒಂದು ದೊಡ್ಡ ಯುದ್ಧನೌಕೆಯೂ ಇಲ್ಲ, ಯಾಕಂದ್ರೆ ಅಡ್ಮಿರಲ್ ಹ್ಯೂಸ್ ತನ್ನ ಹಡಗುಗಳ ಜೊತೆ ಪಶ್ಚಿಮ ಕರಾವಳಿ ಕಡೆ ಇದ್ದ. ಸ್ವಲ್ಪ ದಿನ ನಿಲ್ಲಿ ಅಂತ ಹೈದರ್ ಒತ್ತಾಯ ಮಾಡ್ದ. ಡಿ ಓರ್ವ್ ನಿಲ್ಲಲಿಲ್ಲ, ಫೆಬ್ರವರಿ ಮಧ್ಯದಲ್ಲಿ ಮಾರಿಷಸ್ ದಾರಿ ಹಿಡಿದ. ಕೂಟ್ ಉಳ್ಕೊಂಡ, ಜುಲೈ 1ಕ್ಕೆ ಪೋರ್ಟೋನೋವೊದಲ್ಲಿ ಗೆದ್ದ. ನನ್ನ ಮಟ್ಟಿಗೆ ಆ ಯುದ್ಧದ ದೊಡ್ಡ ತಿರುವು ಪೋರ್ಟೋನೋವೊ ಅಲ್ಲ, ಈ ಫೆಬ್ರವರಿ. ಒಂದು ಗುಂಡೂ ಹಾರದೆ ಆಗಿಹೋದ ತಿರುವು ಅದು.

ನೌಕಾ ತಂತ್ರದ ಇತಿಹಾಸ ಅಂದ್ರೆ ಬರೀ ಕದನಗಳ ಕಥೆ ಅಂತ ಬರೋವ್ರಿಗೆ ನಾನು ಹೇಳೋದು ಇದೇ, ಯಾರು ಗೆದ್ರು ಅಂತ ಕೇಳೋಕೆ ಮುಂಚೆ ಆ ತಿಂಗಳು ಹಡಗುಗಳು ಎಲ್ಲಿದ್ವು, ಯಾಕೆ ಅಲ್ಲಿದ್ವು ಅಂತ ಕೇಳಿ. ಅದಕ್ಕೆ ಉತ್ತರ ಸಿಗೋದು ಗಾಳಿಯಿಂದ. ಅಕ್ಟೋಬರ್‌ನಲ್ಲಿ ಈಶಾನ್ಯ ಮಾರುತ ಹಿಡಿದ್ಮೇಲೆ ಕೋರಮಂಡಲ ಕರಾವಳಿಯಲ್ಲಿ, ಅಂದ್ರೆ ಮದ್ರಾಸ್ ಕಡೆಯ ಪೂರ್ವ ಕರಾವಳಿಯಲ್ಲಿ, ದೊಡ್ಡ ಹಡಗು ನಿಲ್ಲೋ ಹಾಗಿಲ್ಲ, ಮದ್ರಾಸಲ್ಲಿ ಆಗ ಬಂದರು ಕಟ್ಟೇ ಇರಲಿಲ್ಲ, ಹಡಗು ತೆರೆದ ಸಮುದ್ರದಲ್ಲಿ ಲಂಗರು ಹಾಕಿ ನಿಂತಿರ್ತಿತ್ತು, ಜನ ಸಾಮಾನು ಎಲ್ಲಾ ಹಲಗೆ ಹೊಲಿದು ಮಾಡಿದ ಮಸೂಲಾ ದೋಣಿಲಿ ಅಲೆ ದಾಟಿ ದಡಕ್ಕೆ ಬರಬೇಕಿತ್ತು. 1782ರ ಅಕ್ಟೋಬರ್‌ನಲ್ಲಿ ಬಿರುಗಾಳಿ ಬಂದಾಗ ಮದ್ರಾಸ್ ಮುಂದೆ ಅಕ್ಕಿ ಹೊತ್ತು ನಿಂತಿದ್ದ ಎಷ್ಟೋ ಹಡಗು ಒಡೆದುಹೋದವು, ಊರಲ್ಲಿ ಮೊದಲೇ ಇದ್ದ ಬರಗಾಲ ಇನ್ನೂ ಭೀಕರ ಆಯ್ತು. ಹಾಗಾಗಿ ಹ್ಯೂಸ್ ರಿಪೇರಿಗೆ ದೇಶ ಸುತ್ಕೊಂಡು ಬಾಂಬೆಗೇ ಹೋಗಬೇಕು, ಡ್ರೈ ಡಾಕ್ ಇದ್ದಿದ್ದು ಅಲ್ಲೇ. ಹೋಗಿ ಬರೋಷ್ಟರಲ್ಲಿ ತಿಂಗಳುಗಟ್ಟಲೆ ಪೂರ್ವ ಕರಾವಳಿ ಖಾಲಿ.

ಇದು ಪುಸ್ತಕದಲ್ಲಿ ಓದಿದ್ರೆ ಅರ್ಧ ಅರ್ಥ ಆಗತ್ತೆ. ನಾನು ಹುಟ್ಟಿದ್ದು ಉತ್ತರ ಕನ್ನಡದ ಕಡೆ, ನಮ್ಮ ಕಡೆ ಗಾಳಿ ಲೆಕ್ಕ ಚಿಕ್ಕಂದಿನಿಂದ ಕೇಳಿ ಗೊತ್ತು, ಆದ್ರೆ ಪೂರ್ವ ಕರಾವಳಿದು ಪೂರ್ತಿ ಬೇರೆ. ಅದಕ್ಕೇ ಕಡಲೂರು, ನಾಗಪಟ್ಟಣಂ ಕಡೆ ಹೋಗಿ ಮೀನುಗಾರರ ಜೊತೆ ಕೂತು, ಯಾವ ತಿಂಗಳು ನೀರಿನ ಸೆಳೆತ ಯಾವ ಕಡೆಗೆ, ರಾತ್ರಿ ನೆಲದ ಗಾಳಿ ಎಷ್ಟೊತ್ತಿಗೆ ಏಳತ್ತೆ, ಮಧ್ಯಾಹ್ನ ಕಡಲ ಗಾಳಿ ಎಷ್ಟೊತ್ತಿಗೆ ತಿರುಗತ್ತೆ ಅಂತ ಕೇಳಿ ಬರ್ಕೊಂಡೆ. ಆ ನೋಟ್ಸ್ ಪಕ್ಕಕ್ಕಿಟ್ಕೊಂಡು ಕದನದ ವಿವರ ಓದಿದ್ರೆ ಹ್ಯೂಸ್ ಯಾಕೆ ಬೆಳಿಗ್ಗೆ ಸುಮ್ನಿದ್ದ, ಡಿ ಓರ್ವ್ ಆದ್ಮೇಲೆ ಬಂದ ಫ್ರೆಂಚ್ ನೌಕಾ ಕಮಾಂಡರ್ ಸಫ್ರೆನ್ ಯಾಕೆ ಮಧ್ಯಾಹ್ನದ ಮೇಲೆ ಏರಿ ಬಂದ ಅನ್ನೋದು ತಾನಾಗೇ ಬಿಡಿಸ್ಕೊಳ್ತಾ ಹೋಗತ್ತೆ.

ಇನ್ನು ದಾಖಲೆ. ಈ ಕೆಲಸದ ಜೀವ ಇರೋದು ಹಡಗಿನ ಲಾಗ್ ಬುಕ್ಕಲ್ಲಿ, ಅಂದ್ರೆ ಹಡಗಿನ ದಿನಚರಿಯಲ್ಲಿ. ಬ್ರಿಟಿಷ್ ನೌಕಾಪಡೆಯವು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿವೆ, ಕ್ಯಾಪ್ಟನ್ ಲಾಗ್ ಎಡಿಎಂ 51, ಹಡಗಿನ ದಾರಿ ನೋಡ್ಕೊಳ್ಳೋ ಮಾಸ್ಟರ್‌ನ ಲಾಗ್ ಎಡಿಎಂ 52 ಅನ್ನೋ ಸೀರೀಸ್. ಒಳಗೆ ಪೆನ್ ಬಿಡಲ್ಲ ಪೆನ್ಸಿಲ್ ಮಾತ್ರ, ಫೋಟೋ ತಗೋಬಹುದು, ಹಾಗಾಗಿ ಅಲ್ಲಿ ಕೂತು ಓದ್ತೀನಿ ಅನ್ನೋದು ಬಿಟ್ಟು ಹಗಲೆಲ್ಲಾ ಫೋಟೋ ತೆಗೆದು ಊರಿಗೆ ಬಂದ್ಮೇಲೆ ಓದಿ, ದುಡ್ಡು ಉಳಿಯತ್ತೆ. ಪುಟ ತೆಗೆದ್ರೆ ಕಾಲಂಗಳು: ಗಂಟೆ, ವೇಗ ಎಷ್ಟು ನಾಟ್, ದಿಕ್ಕು, ಗಾಳಿ, ಕೊನೇಲಿ ಟಿಪ್ಪಣಿ. ಆ ಟಿಪ್ಪಣಿಲಿ ಇವತ್ತು ಹಂದಿಮಾಂಸದ ಪೀಪಾಯಿ ಒಡೆದ್ವಿ, ನಂಬರ್ ಇಷ್ಟು, ಒಳಗೆ ಇಷ್ಟು ತುಂಡು, ಎರಡು ಕಮ್ಮಿ ಅಂತ ಬರೆದಿರ್ತಾರೆ, ಕೆಳಗೆ ಕುಡಿದಿದ್ದಕ್ಕೆ ಒಬ್ಬನಿಗೆ 12 ಏಟು ಅಂತ ಇರತ್ತೆ. ಬೋರು ಅನ್ಸತ್ತೆ, ಆದ್ರೆ ಒಂದು ಪಡೆ ಇನ್ನೆಷ್ಟು ದಿನ ಸಮುದ್ರದಲ್ಲಿ ತಾಳ್ಕೋಬಲ್ಲದು ಅನ್ನೋದು ಈ ಪೀಪಾಯಿ ಲೆಕ್ಕದಲ್ಲೇ ಇರೋದು.

ಲಾಗ್ ಓದೋವಾಗ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. 1805ರ ವರೆಗೂ ಬ್ರಿಟಿಷ್ ನೌಕಾಪಡೆಯಲ್ಲಿ ದಿನ ಶುರುವಾಗ್ತಿದ್ದಿದ್ದು ಮಧ್ಯಾಹ್ನ 12ಕ್ಕೆ, ಅದೂ ದಡದ ದಿನಕ್ಕಿಂತ ಅರ್ಧ ದಿನ ಮುಂಚೆ. ಹ್ಯೂಸ್‌ಗೂ ಸಫ್ರೆನ್‌ಗೂ ಸದ್ರಾಸ್ ಕದನ ನಡೆದಿದ್ದು 1782ರ ಫೆಬ್ರವರಿ 17ರ ಮಧ್ಯಾಹ್ನದ ಮೇಲೆ, ಲಾಗಿನಲ್ಲಿ ಅದು 18ನೇ ತಾರೀಕಿನ ಕೆಳಗೆ ಇರತ್ತೆ. ಫ್ರೆಂಚ್ ದಾಖಲೆ, ಮದ್ರಾಸ್ ಕಂಪನಿ ಪತ್ರ, ಲಾಗ್ ಮೂರನ್ನೂ ಪಕ್ಕಪಕ್ಕ ಇಡೋ ಮುಂಚೆ ನಾನು ಎಲ್ಲಾ ತಾರೀಕನ್ನೂ ದಡದ ಲೆಕ್ಕಕ್ಕೆ ತಂದು ಒಂದು ಎಕ್ಸೆಲ್ ಶೀಟಿಗೆ ಹಾಕ್ತೀನಿ, ಅದಾಗದೆ ಒಂದು ಸಾಲೂ ಬರೆಯಲ್ಲ.

ಮಸ್ಟರ್ ಬುಕ್ ಅಂತ ಇನ್ನೊಂದಿದೆ, ಎಡಿಎಂ 36, ಹಡಗಿನಲ್ಲಿದ್ದ ಪ್ರತಿಯೊಬ್ಬನ ಹೆಸರು. ಹೆಸರಿನ ಮುಂದೆ ಒಂದು ಡಿ ಇದ್ರೆ ಹಡಗು ಬಿಟ್ಟು ಕಳಿಸಿದ್ದಾರೆ ಅಂತ, ಎರಡು ಡಿ ಇದ್ರೆ ಸತ್ತ ಅಂತ, ಆರ್ ಇದ್ರೆ ಓಡಿಹೋದ ಅಂತ. 1783ರ ಹೊತ್ತಿಗೆ ಕಡಲೂರು ಫ್ರೆಂಚರ ಕೈ ಸೇರಿತ್ತು, ಜೂನ್ 20ಕ್ಕೆ ಅಲ್ಲಿನ ಸಮುದ್ರ ಕದನದಲ್ಲಿ ಹ್ಯೂಸ್ ಹತ್ರ 18 ಹಡಗು, ಸಫ್ರೆನ್ ಹತ್ರ 15, ಕಾಗದದ ಮೇಲೆ ಹ್ಯೂಸ್ ಗೆಲ್ಲಬೇಕು. ಆದ್ರೆ ಅವನ ಜನಕ್ಕೆ ತಾಜಾ ಹಣ್ಣು ತರಕಾರಿ ಇಲ್ಲದೆ ಬರೋ ಸ್ಕರ್ವಿ ಕಾಯಿಲೆ, ಕುಡಿಯೋ ನೀರು ಮುಗೀತಾ ಬಂದಿತ್ತು, ಆ ಕಡೆ ಸಫ್ರೆನ್ ಕೋಟೆಯೊಳಗಿಂದ 1200 ಜನರನ್ನ ಹತ್ತಿಸ್ಕೊಂಡು ಬಂದಿದ್ದ. ಕದನ ಆದ್ಮೇಲೆ ಹ್ಯೂಸ್ ಮದ್ರಾಸಿಗೆ ಹೊರಟುಹೋದ, ಕಡಲೂರನ್ನ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ಸೈನ್ಯಕ್ಕೆ ಸಮುದ್ರದ ಆಸರೆಯೇ ಇಲ್ದಂಗಾಯ್ತು. ಮಸ್ಟರ್ ಬುಕ್ಕಿನ ಆ ಎರಡು ಡಿಗಳನ್ನ ಒಂದೊಂದಾಗಿ ಎಣಿಸ್ತಾ ಹೋಗೋವಾಗ ಇದು ಬರೀ ಸಂಖ್ಯೆ ಅಲ್ಲ, ಮನೆಯಿಂದ ಸಾವಿರಾರು ಮೈಲಿ ದೂರ ಬಂದು ವಸಡು ಕೊಳೆತು ಸತ್ತ ಹುಡುಗರು ಅಂತ ಮನಸ್ಸಿಗೆ ತಾಗತ್ತೆ, ತಾಗಬೇಕು ಕೂಡ.

ಸಫ್ರೆನ್ ಬಗ್ಗೆ ಬರೆಯೋಕೆ ಫ್ರೆಂಚ್ ಬೇಕೇ ಬೇಕು, ಬೇರೆ ದಾರಿ ಇಲ್ಲ. ಅವನ ದೊಡ್ಡತನ ನಂಗೆ ಕಾಣೋದು ಕದನಕ್ಕಿಂತ ಹೆಚ್ಚಾಗಿ 1782ರ ಆಗಸ್ಟ್ ಕೊನೇಲಿ ಟ್ರಿಂಕೋಮಲಿ ಹಿಡಿದಿದ್ದರಲ್ಲಿ, ಆಮೇಲೆ ಚಳಿಗಾಲಕ್ಕೆ ದೂರದ ಮಾರಿಷಸ್‌ಗೆ ವಾಪಸ್ ಹೋಗದೆ ಸುಮಾತ್ರ ದ್ವೀಪದ ಅಚೆ ಅನ್ನೋ ಜಾಗಕ್ಕೆ ಹೋಗಿ ಹ್ಯೂಸ್‌ಗಿಂತ ಮೊದಲೇ ಕರಾವಳಿಗೆ ಬಂದಿದ್ದರಲ್ಲಿ. ಅಷ್ಟೊತ್ತಿಗೆ ಹೈದರ್ ತೀರ್ಕೊಂಡಿದ್ದ, 1782ರ ಡಿಸೆಂಬರ್ 7ಕ್ಕೆ.

ಕೆಲಸ, ಸಂಬಳದ ವಿಷಯ ಬೇಗ ಹೇಳ್ಬಿಡ್ತೀನಿ. ನೌಕಾ ಇತಿಹಾಸ ಅಂತ ಬೋರ್ಡ್ ಹಾಕಿರೋ ಹುದ್ದೆ ನಮ್ಮ ಯೂನಿವರ್ಸಿಟಿಗಳಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ನಾನು ಎಂಎ, ನೆಟ್, ಪಿಎಚ್‌ಡಿ ಮುಗಿಸಿ ಕಾಲೇಜಲ್ಲಿ ಭಾರತದ ಇತಿಹಾಸ ಪೂರ್ತಿ ಪಾಠ ಮಾಡ್ತಾನೇ ಇದನ್ನ ಬೆಳೆಸ್ದೆ. ಮುಂಬೈನ ಮ್ಯಾರಿಟೈಮ್ ಹಿಸ್ಟರಿ ಸೊಸೈಟಿ, ದೆಹಲಿಯ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಶನ್ ಇಂಥ ಕಡೆ ಸೆಮಿನಾರ್‌ಗೆ ಹೋಗಿ ಪೇಪರ್ ಓದಿ, ನಿವೃತ್ತ ನೌಕಾಧಿಕಾರಿಗಳು ಸಿಕ್ತಾರೆ, ಹಡಗು ನಡೆಸಿದವರ ಪ್ರಶ್ನೆ ನಮ್ಮ ಪ್ರೊಫೆಸರ್‌ಗಳ ಪ್ರಶ್ನೆಗಿಂತ ಮೊನಚು. 1971ರ ಭಾರತ-ಪಾಕಿಸ್ತಾನ ಯುದ್ಧದ ಕಡೆ ಆಸಕ್ತಿ ಇದ್ರೆ, ಯುದ್ಧದ ದಾಖಲೆಗಳನ್ನ ಸಾಮಾನ್ಯವಾಗಿ 25 ವರ್ಷಕ್ಕೆ ತೆರೀಬೇಕು ಅಂತ ರಕ್ಷಣಾ ಇಲಾಖೆ 2021ರಲ್ಲಿ ನೀತಿ ಮಾಡಿದೆ, ಅದನ್ನ ಓದ್ಕೊಂಡು ಅರ್ಜಿ ಹಾಕಿ.

ಲಂಡನ್ನಿಗೆ ಹೋಗೋ ದುಡ್ಡಿಲ್ಲ ಅಂತ ಕೂರಬೇಡಿ. ಚೆನ್ನೈನ ಎಗ್ಮೋರಲ್ಲಿರೋ ತಮಿಳುನಾಡು ಆರ್ಕೈವ್ಸ್, ಮುಂಬೈನ ಮಹಾರಾಷ್ಟ್ರ ಆರ್ಕೈವ್ಸ್, ಪಣಜಿಯ ಗೋವಾ ಆರ್ಕೈವ್ಸ್ ಇವು ಮೂರೂ ರೈಲಲ್ಲಿ ಹೋಗಿ ಬರೋ ದೂರ. ಈಗ ನಾನು ಕೂತಿರೋದು ಮುಂಬೈ ದಾಖಲೆಗಳ ಮೇಲೆ, ನಮ್ಮ ಕರಾವಳಿದೇ ಕಥೆ. 1783ರ ಜನವರಿಲಿ ಜನರಲ್ ಮ್ಯಾಥ್ಯೂಸ್ ಬಾಂಬೆಯಿಂದ ಹಡಗಲ್ಲಿ ಬಂದು ಅಘನಾಶಿನಿ ಅಳಿವೆ ಹತ್ರ ರಾಜಮಂದುರ್ಗದಲ್ಲಿ ಇಳಿದ, ಹೊನ್ನಾವರ ಹಿಡಿದ, ಹೊಸಂಗಡಿ ಘಾಟಿ ಹತ್ತಿ ಬಿದನೂರು ಮುಟ್ಟಿದ. ಅವನನ್ನ ತಡೆಯೋ ಹಡಗು ಮೈಸೂರಿನ ಹತ್ರ ಇರಲಿಲ್ಲ, 1780ರ ಡಿಸೆಂಬರ್‌ನಲ್ಲೇ ಹ್ಯೂಸ್ ಮಂಗಳೂರಲ್ಲಿ ಹೈದರನ ನೌಕೆಗಳನ್ನ ನಾಶ ಮಾಡಿದ್ದ. ಟಿಪ್ಪು ಬಂದು ಬಿದನೂರು ವಾಪಸ್ ತಗೊಂಡು, ಇಂಗ್ಲಿಷರ ಕೈಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ, ಸಮುದ್ರ ಕೆಡೋ ಹೊತ್ತಿಗೆ ಸರಿಯಾಗಿ. ಮಳೆಗಾಲದಲ್ಲಿ ಮಂಗಳೂರು ಅಳಿವೆ ಮುಂದೆ ಆಗಿನ ಹಾಯಿ ಹಡಗು ನಿಂತು ಸಾಮಾನು ಇಳಿಸೋದು ಆಗದ ಮಾತು. ಅವನು ಆ ಲೆಕ್ಕ ಹಾಕಿಯೇ ಬಂದನಾ, ಇಲ್ಲಾ ಹಾಗೇ ಕೂಡಿಬಂತಾ ಅನ್ನೋದೇ ನನ್ನ ಈಗಿನ ಪ್ರಶ್ನೆ, ಸದ್ಯಕ್ಕೆ ಮೇ, ಜೂನ್ ತಿಂಗಳ ಪತ್ರಗಳನ್ನ ಒಂದೊಂದಾಗಿ ನಕಲು ಮಾಡ್ಕೊಳ್ತಾ ಇದೀನಿ.